ಕುದುರೆಯ ಜೊತೆ ಅದರ ಕಾಗದವೂ ಬರಲಿ

ಮಾನ್ಯ ಮುಖ್ಯಮಂತ್ರಿಗಳಿಗೆ ಮತ್ತು ಪಶುಸಂಗೋಪನೆ ಸಚಿವರಿಗೆ,

ವಿಜಯಪುರದಿಂದ ನಮಸ್ಕಾರ.

ನಾನು ಹೈಸ್ಕೂಲ್ ಶಿಕ್ಷಕಿ. ಇಂಡಿ ರಸ್ತೆಯ ಕಡೆ ನಮ್ಮದು ಎರಡು ಎಕರೆ ಹೊಲ, ಒಂದು ಮನೆ, ಮನೆ ಹಿಂದೆ ದೊಡ್ಡ ಬೇವಿನ ಮರ. ಆ ಮರದ ಕೆಳಗೆ ಈಗ ಒಂದು ಹೆಣ್ಣು ಕುದುರೆ ಇದೆ. ಬೆಂಗಳೂರಿನಲ್ಲಿ ರೇಸ್ ಓಡಿ ಬಂದವಳು. ಏಳು ವರ್ಷ ಇರಬೇಕು ಅಂತ ಹಲ್ಲು ನೋಡಿ ಹೇಳಿದರು. ನಾವು ಗೌರಿ ಅಂತ ಕರೆಯುತ್ತೇವೆ. ರೇಸಿನಲ್ಲಿ ಅವಳಿಗೆ ಏನು ಹೆಸರಿತ್ತೋ ನನಗೆ ಗೊತ್ತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕಳೆದ ದಸರೆ ಮುಗಿದ ವಾರ, ನಾವು ಚಾಚಾ ಅಂತ ಕರೆಯುವ ಹಿರಿಯರಿಗೆ ಒಂದು ಫೋನ್ ಬಂತು. ನನ್ನ ಅಜ್ಜ ಮತ್ತು ಚಾಚಾರ ಅಪ್ಪ ಇಬ್ಬರೂ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆದು ಮನೆ ನಡೆಸಿದವರು. ಚಾಚಾ ಕೂಡ ಅದೇ ಕೆಲಸ ಮಾಡಿದರು. ಈಗ ಎಪ್ಪತ್ತು ದಾಟಿದೆ. ಕುದುರೆಯ ವಿಷಯ ಅಂದರೆ ಊರಿನವರು ಇವತ್ತಿಗೂ ಅವರನ್ನೇ ಕೇಳುವುದು. ಫೋನ್ ಮಾಡಿದವನು ಒಬ್ಬ ಏಜೆಂಟ್. ರೇಸ್ ಬಿಟ್ಟ ಕುದುರೆ ಒಂದು ಇದೆ, ಶರ್ಯತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ಗಾಡಿ ಹೂಡುವವರು ಬೇಡ ಅಂದರು, 35 ಸಾವಿರ ಕೊಟ್ಟರೆ ನಿಮ್ಮ ಮನೆಗೆ ಕಳಿಸುತ್ತೇನೆ ಅಂದ. ನಾವು ಬೇಡ ಅಂದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಚಾಚಾರನ್ನು ಕೇಳಿದೆ. ಅವರು ಮಾತಾಡಲಿಲ್ಲ. ಆವತ್ತೇ ದುಡ್ಡು ಕಳಿಸಿದೆ.

ರಾತ್ರಿ ಎರಡು ಗಂಟೆಗೆ ಲಾರಿ ಬಂತು. ಬೆಂಗಳೂರಿನಿಂದ ನಮ್ಮೂರು 500 ಕಿಲೋಮೀಟರಿಗೂ ಜಾಸ್ತಿ. ಬೆವರು ಒಣಗಿ ಮೈಮೇಲೆಲ್ಲ ಬಿಳಿ ಗೆರೆ ಬಿದ್ದಿದ್ದವು. ಮುಂಗಾಲು ನಡುಗುತ್ತಿದ್ದವು. ಬಕೆಟ್‌ನಲ್ಲಿ ನೀರಿಟ್ಟರೆ ಮೂಸಿ ಮುಖ ತಿರುಗಿಸಿದಳು. ನಮ್ಮದು ಬೋರ್‌ವೆಲ್ ನೀರು, ಸ್ವಲ್ಪ ಸವಳು. ಹೊಸ ಊರಿನ ನೀರಿನ ವಾಸನೆ ಕುದುರೆಗೆ ಬೇಗ ಒಗ್ಗುವುದಿಲ್ಲವಂತೆ. ಚಾಚಾ ಒಂದು ಹೆಂಟೆ ಬೆಲ್ಲ ತಂದು ನೀರಲ್ಲಿ ಕಲಸಿದರು. ಅರ್ಧ ಬಕೆಟ್ ಕುಡಿದಳು. ನನಗೆ ಉಸಿರು ಬಂತು.

ಡ್ರೈವರ್ ಒಂದು ಚೀಟಿ ಕೊಟ್ಟು ಹೋದ. ಪ್ರಯಾಣಕ್ಕೆ ಅಡ್ಡಿಯಿಲ್ಲ ಅಂತ ಬರೆದ ಚೀಟಿ. ಕುದುರೆಯ ಬಗ್ಗೆ ಅದರಲ್ಲಿ ಇದ್ದದ್ದು ಇಷ್ಟೇ: ಒಂದು ಕುದುರೆ, ಹೆಣ್ಣು, ಕಂದು ಬಣ್ಣ.

ಸ್ವಾಮಿ, ರೇಸಿಗೆ ಅಂತಲೇ ಹುಟ್ಟಿಸುವ ಥರೋಬ್ರೆಡ್ ಕುದುರೆಯಷ್ಟು ಲೆಕ್ಕ ಇಡುವ ಪ್ರಾಣಿ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಹುಟ್ಟಿದ ಕೂಡಲೇ ತಾಯಿ ತಂದೆಯ ಹೆಸರು ವಂಶಾವಳಿ ಬರೆದಿಡುವ ಸ್ಟಡ್ ಬುಕ್‌ನಲ್ಲಿ ದಾಖಲಾಗುತ್ತದೆ. ಕುತ್ತಿಗೆಗೆ ಗುರುತಿನ ನಂಬರ್ ಇರುವ ಚಿಪ್ ಹಾಕುತ್ತಾರೆ. ಮನುಷ್ಯರಿಗೆ ಇದ್ದಂತೆ ಪಾಸ್‌ಪೋರ್ಟ್ ಇರುತ್ತದೆ. ಎಷ್ಟು ಮೀಟರ್ ಓಡಿತು, ಬೆನ್ನ ಮೇಲೆ ಎಷ್ಟು ಕೆಜಿ ಭಾರ ಇತ್ತು, ಎಷ್ಟು ಸೆಕೆಂಡಿನಲ್ಲಿ ಮುಗಿಸಿತು, ಎಲ್ಲವೂ ಅಚ್ಚಾಗುತ್ತದೆ. ಬೆಳಗಿನ ಅಭ್ಯಾಸದ ಓಟದ ಟೈಮ್ ಕೂಡ ಪೇಪರಿನಲ್ಲಿ ಬರುತ್ತದೆ. ಅಷ್ಟೆಲ್ಲ ಬರೆದಿಟ್ಟ ಕುದುರೆ ನನ್ನ ಮನೆಗೆ ಬರುವ ಹೊತ್ತಿಗೆ ಮೂರು ಮಾತಿನ ಕುದುರೆ ಆಗಿತ್ತು.

ಕಾಗದ ಇಲ್ಲದಿದ್ದರೆ ಏನಾಯಿತು, ಪ್ರೀತಿಯಿಂದ ಸಾಕಿದರೆ ಸಾಲದೇ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂಬತ್ತನೇ ದಿನ ಎಡ ಮುಂಗಾಲಿನ ಹಿಂಭಾಗ ಬಾಳೆಕಾಯಿಯ ಹಾಗೆ ಊದಿತು. ಮುಟ್ಟಿದರೆ ಬಿಸಿ. ಪಶುವೈದ್ಯರು ಬಂದರು. ಒಳ್ಳೆಯ ಮನುಷ್ಯ, ರಾತ್ರಿ ಎಂಟಕ್ಕೆ ಬೈಕ್ ಮೇಲೆ ಬಂದರು. ನರ ಎಳೆದಿದೆ, ಹೊಸದಲ್ಲ, ಹಳೇ ಪೆಟ್ಟು ಅಂದರು. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿರಬಹುದು, ಅದರ ಜೋರು ಇಳಿದ ಮೇಲೆ ಈಗ ಕಾಣುತ್ತಿದೆ ಅಂದರು. ಯಾವ ಇಂಜೆಕ್ಷನ್, ಎಷ್ಟು, ಯಾವಾಗ? ಹೇಳುವವರು ಯಾರೂ ಇರಲಿಲ್ಲ. ಏಜೆಂಟ್ ಫೋನ್ ಎತ್ತಲಿಲ್ಲ.

ತೊಡಕು ಅಲ್ಲಿಗೇ ನಿಲ್ಲಲಿಲ್ಲ. ಕಾಳು ಇಟ್ಟರೆ ಗೌರಿ ನಾಲ್ಕು ಬಾಯಿ ತಿಂದು ಬಿಡುತ್ತಿದ್ದಳು. ಹೊಟ್ಟೆಯ ಹತ್ತಿರ ಕೈ ಹೋದರೆ ಕಿವಿ ಹಿಂದಕ್ಕೆ ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಹುಣ್ಣಿರಬಹುದು ಅಂದರು ಡಾಕ್ಟರು. ರೇಸ್ ಕುದುರೆಗಳಲ್ಲಿ ಇದು ತುಂಬಾ ಸಾಮಾನ್ಯ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲು ರಾತ್ರಿ ಒಸರುತ್ತಲೇ ಇರುತ್ತದೆ. ದಿನವಿಡೀ ಹುಲ್ಲು ಅಗಿಯುತ್ತಿದ್ದರೆ ಜೊಲ್ಲು ಇಳಿದು ಅದನ್ನು ತಣಿಸುತ್ತದೆ. ಹುಲ್ಲು ಕಡಿಮೆ, ಕಾಳು ಜಾಸ್ತಿ, ನಡುವೆ ಗಂಟೆಗಟ್ಟಲೆ ಖಾಲಿ ಹೊಟ್ಟೆ ಅಂದರೆ ಹುಣ್ಣಾಗದೆ ಏನು? ನೋವಿನ ಔಷಧಿ ಕೊಟ್ಟರೆ ಹುಣ್ಣು ಇನ್ನೂ ಕೆಡುತ್ತದೆ. ಔಷಧಿ ಕೊಡದಿದ್ದರೆ ಕಾಲು ನೋವು. ಮೊದಲು ಏನು ಕೊಟ್ಟಿದ್ದಾರೆ ಅಂತ ಗೊತ್ತಿದ್ದರೆ ಡಾಕ್ಟರು ಒಂದೇ ದಿನದಲ್ಲಿ ದಾರಿ ನೋಡುತ್ತಿದ್ದರು. ಗೊತ್ತಿಲ್ಲದೆ ಹದಿನೈದು ದಿನ ತಣ್ಣೀರು ಪಟ್ಟಿ ಕಟ್ಟಿಕೊಂಡು ಕಾದೆವು. ಆ ಹದಿನೈದು ದಿನ ಅವಳು ಮೂರು ಕಾಲಿನ ಮೇಲೆ ನಿಂತಿದ್ದಳು.

ಧನುರ್ವಾಯು ಲಸಿಕೆ ಆಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ. ಮೊದಲಿನಿಂದ ಶುರು ಮಾಡಿದೆವು. ಗ್ಲಾಂಡರ್ಸ್ ಪರೀಕ್ಷೆಗೂ ರಕ್ತ ಕೊಟ್ಟೆವು. ಆ ರೋಗ ಮನುಷ್ಯರಿಗೂ ಬರುತ್ತದೆ. ವರದಿ ಬರುವ ತನಕ ಮಕ್ಕಳನ್ನು ಅವಳ ಹತ್ತಿರ ಬಿಡಲಿಲ್ಲ. ವರದಿ ಚೆನ್ನಾಗಿಯೇ ಬಂತು.

ಇನ್ನು ಅವಳು ನಮ್ಮವಳಾದ ಬಗೆ ಹೇಳುತ್ತೇನೆ. ಇದನ್ನು ಹೇಳದೆ ಬರೀ ದೂರು ಬರೆದರೆ ನಾನು ಏನು ಕೇಳುತ್ತಿದ್ದೇನೆ ಅಂತ ನಿಮಗೆ ತಿಳಿಯುವುದಿಲ್ಲ.

ಮೊದಲ ತಿಂಗಳು ಗೌರಿಗೆ ಬೆಳಗಿನ ಜಾವ ನಾಲ್ಕು ಗಂಟೆ ಅಂದರೆ ಕಷ್ಟ. ಕುಂಟುವ ಕಾಲಿನಲ್ಲೇ ಅತ್ತಿಂದಿತ್ತ ತಿರುಗುತ್ತಿದ್ದಳು, ಬಾಗಿಲ ಕಡೆಯೇ ನೋಡುತ್ತಿದ್ದಳು. ರೇಸ್ ಲಾಯದಲ್ಲಿ ಆ ಹೊತ್ತಿಗೆ ಕುದುರೆಗಳನ್ನು ಅಭ್ಯಾಸಕ್ಕೆ ಹೊರಡಿಸುತ್ತಾರೆ. ಇಲ್ಲಿ ಯಾರೂ ಬರುವುದಿಲ್ಲ. ನಾನು ನಾಲ್ಕಕ್ಕೆ ಎದ್ದು ಸುಮ್ನೆ ಅವಳ ಪಕ್ಕ ಕೂರಲು ಶುರು ಮಾಡಿದೆ. ಮಾತಿಲ್ಲ, ಮುಟ್ಟುವುದಿಲ್ಲ. ಸ್ಟೂಲ್ ಹಾಕಿಕೊಂಡು ಮಕ್ಕಳ ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ. ಹನ್ನೆರಡು ದಿನಕ್ಕೆ ಅವಳು ಬಂದು ನನ್ನ ಹೆಗಲ ಹತ್ತಿರ ಉಸಿರು ಬಿಟ್ಟಳು. ಪೇಪರ್ ಒದ್ದೆಯಾಯಿತು.

ಒಂದು ದಿನ ಚಾಚಾ ಖರಾರಾ ಹಿಡಿದು ಅವಳ ಮೈ ಉಜ್ಜುತ್ತಾ ಸಣ್ಣಗೆ ಸೀಟಿ ಹಾಕಿದರು. ಸೀಟಿ ಕೇಳಿದ್ದೇ ತಡ, ಗೌರಿ ಹಿಂಗಾಲು ಅಗಲಿಸಿ ಉಚ್ಚೆ ಹೊಯ್ದಳು. ಚಾಚಾ ಮತ್ತೆ ಸಂಜೆ ಸೀಟಿ ಹಾಕಿ ನೋಡಿದರು. ಮತ್ತೆ ಅದೇ.

"ನೋಡವಾ, ರೇಸ್ ಮುಗದ ಮ್ಯಾಲ ಉಚ್ಚಿ ಹಿಡದು ಪರೀಕ್ಷಾ ಮಾಡ್ತಾರ. ಮದ್ದು ಕೊಟ್ಟಾರೇನು ಅಂತ. ಅದಕ್ಕ ಸಣ್ಣಕಿ ಇದ್ದಾಗಿಂದ ಸೀಟಿ ಕಲಸಿರ್ತಾರ" ಅಂದರು.

ಅದನ್ನು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಓಡುವಾಗ ಇವಳ ಮೈಯಲ್ಲಿ ಯಾವ ಔಷಧಿ ಇದೆ ಅಂತ ಹನಿ ಹನಿ ಪರೀಕ್ಷೆ ಮಾಡಿದ್ದಾರೆ. ಓಟ ಬಿಟ್ಟು ಹೊರಟ ದಿನ ಮೈಯಲ್ಲಿ ಏನಿತ್ತು ಅಂತ ಒಂದು ಚೀಟಿ ಯಾಕೆ ಬರೆಯಲಿಲ್ಲ?

ಕಲಿತದ್ದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ನಿಧಾನದ ಕೆಲಸ. ಹಗ್ಗ ಬಿಗಿ ಹಿಡಿದರೆ ನಿಲ್ಲಬೇಕು ಅಂತ ನಾವು ತಿಳಿದಿರುತ್ತೇವೆ. ರೇಸಿನಲ್ಲಿ ಲಗಾಮು ಬಿಗಿಯಾದಷ್ಟೂ ಕುದುರೆ ಅದರ ಮೇಲೆ ಭಾರ ಬಿಟ್ಟು ಮುನ್ನುಗ್ಗುತ್ತದೆ. ನಾನು ಹೆದರಿ ಹಗ್ಗ ಎಳೆದಷ್ಟೂ ಗೌರಿ ಜೋರಾಗುತ್ತಿದ್ದಳು. "ಕೈ ಸಡ್ಲ ಬಿಡು ಯವ್ವಾ, ಆಕಿ ಹೆದರಿಲ್ಲ. ನೀ ಓಡು ಅಂದಿ ಅಂತ ತಿಳದಾಳ" ಅಂದರು ಚಾಚಾ. ಕೈ ಸಡಿಲ ಬಿಟ್ಟೆ. ನಿಂತಳು. ಪಕ್ಕದ ಅಂಗಡಿಯ ಶಟರ್ ಧಡಾರ್ ಅಂತ ಎದ್ದರೆ ಮಾತ್ರ ಇವತ್ತಿಗೂ ಮೈಯೆಲ್ಲ ಬಿಗಿ ಮಾಡುತ್ತಾಳೆ. ಓಟ ಶುರುವಾಗುವ ಗೇಟು ಹಾಗೇ ಸದ್ದು ಮಾಡಿ ತೆರೆಯುತ್ತದೆ, ಅಲ್ವಾ. ಅಂಗಡಿಯ ಅಣ್ಣ ಈಗ ಶಟರಿಗೆ ಎಣ್ಣೆ ಹಾಕಿ ಮೆಲ್ಲಗೆ ಎತ್ತುತ್ತಾರೆ. ನಾನು ಕೇಳಿಕೊಂಡಿರಲಿಲ್ಲ.

ತಲೆ ತಗ್ಗಿಸಿ ಹುಲ್ಲು ಮೇಯುವುದು ಕೂಡ ಅವಳಿಗೆ ಹೊಸದೇ ಆಗಿತ್ತು. ಕಟ್ಟಿದಲ್ಲಿ ತಂದಿಟ್ಟದ್ದನ್ನು ತಿಂದು ಗೊತ್ತಿದ್ದವಳು. ಬದುವಿನ ಮೇಲಿನ ಗರಿಕೆಯ ಹತ್ತಿರ ಬಿಟ್ಟರೆ ನಿಂತು ನೋಡಿದಳು. ನಮ್ಮ ಆಡು ಬಂದು ಪಕ್ಕದಲ್ಲೇ ಮೇಯತೊಡಗಿತು. ಅದನ್ನು ನೋಡಿ ಇವಳೂ ಮೂತಿ ಇಳಿಸಿದಳು. ಅವತ್ತಿನಿಂದ ಆ ಆಡು ಕಣ್ಣಿಗೆ ಕಾಣದಿದ್ದರೆ ಗೌರಿ ಕೂಗುತ್ತಾಳೆ. ಕುದುರೆ ಗುಂಪಿನ ಪ್ರಾಣಿ. ಒಂಟಿಯಾಗಿ ಸಾಕಬೇಡಿ ಅಂತ ಕೊಳ್ಳುವ ಮುಂಚೆ ಯಾರಾದರೂ ಹೇಳಬೇಕಿತ್ತು. ನಮ್ಮ ಪುಣ್ಯ, ಆಡು ಇತ್ತು.

ಮೇವಿನ ವಿಷಯದಲ್ಲಿ ಡಾಕ್ಟರು ಕಟ್ಟುನಿಟ್ಟು. ಒಂದೇ ದಿನದಲ್ಲಿ ಮೇವು ಬದಲಿಸಿದರೆ ಹೊಟ್ಟೆಶೂಲೆ ಬರುತ್ತದೆ, ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಜೀವಕ್ಕೇ ಅಪಾಯ ಅಂದರು. ಹತ್ತು ಹದಿನೈದು ದಿನ ತೆಗೆದುಕೊಂಡು ಕಾಳು ಇಳಿಸಿ ಒಣಹುಲ್ಲು ಮತ್ತು ಕುದುರೆ ಮೆಂತೆ ಏರಿಸಿದೆವು. ಎಳೆ ಜೋಳದ ಹಸಿ ಮೇವು ಬೇಡವೇ ಬೇಡ ಅಂದರು. ಪಕ್ಕದ ಮನೆಯ ಕಾಕಾ ಒಂದು ದಿನ ತಮ್ಮ ಎಮ್ಮೆಗೆ ತಂದ ಪಶು ಆಹಾರವನ್ನು ಬೊಗಸೆ ತುಂಬಾ ಹಿಡಿದು ಬಂದರು, ಪ್ರೀತಿಯಿಂದ. ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ನಾನು ಓಡಿ ಹೋಗಿ ತಡೆದೆ. ದನದ ಕೆಲವು ಆಹಾರದಲ್ಲಿ ಮೊನೆನ್ಸಿನ್ ಅಂತ ಔಷಧಿ ಬೆರೆಸಿರುತ್ತಾರೆ. ದನಕ್ಕೆ ಒಳ್ಳೆಯದು. ಕುದುರೆಯ ಹೃದಯಕ್ಕೆ ಅದು ವಿಷ. ದನ ಸಾಕಿದ ಊರಿನಲ್ಲಿ ಇದು ಎಷ್ಟು ಜನಕ್ಕೆ ಗೊತ್ತು ಹೇಳಿ?

ನಲವತ್ತಮೂರನೇ ದಿನ ಬೆಳಗಿನ ಜಾವ ಎದ್ದು ಹೋದೆ. ಗೌರಿ ನಿಂತಿರಲಿಲ್ಲ. ಬೇವಿನ ಮರದ ಕೆಳಗೆ ಅಡ್ಡಬಿದ್ದಿದ್ದಳು, ಕಾಲು ಚಾಚಿಕೊಂಡು. ನನ್ನ ಎದೆ ಧಸಕ್ ಅಂತು. ಚಾಚಾಗೆ ಫೋನ್ ಹಚ್ಚಿದೆ. "ಹೊಟ್ಟಿ ಏರಿಳಿತೈತೇನು? ಕಿವಿ ಅಳ್ಳಾಡ್ತಾವೇನು? ಹಂಗಾರ ಮಲಗ್ಯಾಳ. ಎಬ್ಬಿಸಬ್ಯಾಡ" ಅಂದರು. ಕುದುರೆ ನಿಂತೇ ತೂಕಡಿಸುತ್ತದೆ. ಗಾಢ ನಿದ್ದೆ ಬೇಕಾದರೆ ಮಲಗಲೇಬೇಕು. ಆದರೆ ಇಲ್ಲಿ ನನಗೆ ಏನೂ ಆಗುವುದಿಲ್ಲ ಅಂತ ಅನಿಸುವ ತನಕ ಮಲಗುವುದಿಲ್ಲ. ಕೆಳತುಟಿ ಜೋತು ಬಿದ್ದಿತ್ತು. ಕನಸು ಕಂಡಂತೆ ಮುಂಗಾಲು ಸಣ್ಣಗೆ ಅದುರುತ್ತಿತ್ತು. ಆಡು ಅವಳ ಹೊಟ್ಟೆಗೆ ಆತುಕೊಂಡು ಮಲಗಿತ್ತು. ಬೆಳಕು ಹರಿಯುವ ತನಕ ನಾನು ಅಲ್ಲೇ ನಿಂತಿದ್ದೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಸುತ್ತಲಿನ ಊರುಗಳ ಜಾತ್ರೆ ಶುರುವಾಗುತ್ತವೆ. ಆಗ ನಮ್ಮ ಮನೆಗೆ ಹುಡುಗರು ಬರತೊಡಗಿದರು. "ಅಕ್ಕಾರ, ರೇಸಿನ ಕುದುರಿ ಐತಂತ, ಒಂದ್ ಸಲ ಗಾಡಿಗಿ ಹೂಡಿ ನೋಡೂಣ್ರಿ." ಕೆಟ್ಟ ಹುಡುಗರಲ್ಲ. ಕುದುರೆ ಅಂದರೆ ಅವರಿಗೂ ಹುಚ್ಚು ಪ್ರೀತಿ. ಗೌರಿಯ ಕಾಲು ಮುಟ್ಟಿಸಿ ತೋರಿಸಿದೆ. ಒಬ್ಬ ಹುಡುಗ ಆ ಗಂಟಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದ. ಪ್ರಾಣಿಹಿಂಸೆ ತಡೆ ಕಾಯ್ದೆಗೆ 2017ರಲ್ಲಿ ನಮ್ಮ ರಾಜ್ಯ ತಂದ ತಿದ್ದುಪಡಿ ಕಂಬಳಕ್ಕೆ, ಎತ್ತಿನ ಓಟಕ್ಕೆ ದಾರಿ ಮಾಡಿತು. ಅದರಲ್ಲಿ ಕುದುರೆಯ ಮಾತಿಲ್ಲ. ಇದನ್ನು ಊರಿನ ಹುಡುಗರಿಗೆ ಕೂರಿಸಿ ಹೇಳಿದವರು ಯಾರೂ ಇಲ್ಲ. ಹೇಳಿದರೆ ಕೇಳುತ್ತಾರೆ, ನಾನು ನೋಡಿದ್ದೇನೆ. ಬಿಸಿಲಿನ ನಿಯಮವೂ ಹಾಗೇ. ಶಾಖ 37 ಡಿಗ್ರಿ ದಾಟಿದ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಪ್ರಾಣಿಯನ್ನು ಗಾಡಿಗೆ ಹೂಡಬಾರದು ಅಂತ 1965ರ ನಿಯಮ ಇದೆ. ನಮ್ಮೂರಿನಲ್ಲಿ ಏಪ್ರಿಲ್ ಅಂದರೆ 40. ಚಾಚಾಗೆ ಆ ನಿಯಮ ಗೊತ್ತಿರಲಿಲ್ಲ. ಆದರೂ ಜೀವಮಾನವಿಡೀ ಆ ಹೊತ್ತಿಗೆ ಕುದುರೆಯನ್ನು ನೆರಳಿಗೆ ಕಟ್ಟಿದವರು.

ಈಗ ನನ್ನ ಬೇಡಿಕೆ. ಮುಖ್ಯವಾದದ್ದು ಒಂದೇ ಒಂದು.

ನಮ್ಮ ರಾಜ್ಯದಲ್ಲಿ ರೇಸ್ ಕೋರ್ಸ್ ಇರುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಅವಕ್ಕೆ ಲೈಸೆನ್ಸ್ ಕೊಡುವುದು ನಿಮ್ಮದೇ ಸರ್ಕಾರ. ಆ ಲೈಸೆನ್ಸಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿ. ಓಟ ಬಿಟ್ಟ ಕುದುರೆ ಲಾಯದಿಂದ ಹೊರಗೆ ಹೋಗುವಾಗ ಅದರ ಪಾಸ್‌ಪೋರ್ಟ್, ಚಿಪ್ ನಂಬರ್, ಪೆಟ್ಟಾದ ಜಾಗ, ಕೊನೆಯ ಆರು ತಿಂಗಳಲ್ಲಿ ಕೊಟ್ಟ ಔಷಧಿ, ಹಾಕಿದ ಲಸಿಕೆ, ತಿನ್ನುತ್ತಿದ್ದ ಮೇವು, ಇಷ್ಟೂ ಬರೆದ ಕಾಗದ ಅದರ ಜೊತೆಗೇ ಹೋಗಬೇಕು. ಯಾರ ಕೈಗೆ ಹೋಯಿತು ಅಂತ ಪಶುಸಂಗೋಪನೆ ಇಲಾಖೆಯ ಪುಸ್ತಕದಲ್ಲಿ ದಾಖಲಾಗಬೇಕು. ಅಲ್ಲಿಂದ ಇನ್ನೊಬ್ಬರಿಗೆ ಹೋದರೆ ಆ ಹೆಸರೂ ಬರಬೇಕು. ಥರೋಬ್ರೆಡ್ 25 ವರ್ಷ ಬದುಕುವ ಪ್ರಾಣಿ. ಎರಡನೇ ವಯಸ್ಸಿನಲ್ಲಿ ಓಟ ಶುರು. ಬಹಳಷ್ಟು ಕುದುರೆಗಳ ಓಟ ಏಳೆಂಟು ವರ್ಷ ತುಂಬುವುದರೊಳಗೆ ಮುಗಿದಿರುತ್ತದೆ. ಉಳಿದ ಹದಿನೇಳು ಹದಿನೆಂಟು ವರ್ಷ ಅದು ಎಲ್ಲಿದೆ ಅಂತ ಒಂದು ಕಡೆ ಬರೆದಿರಲಿ.

ದುಡ್ಡು ಎಲ್ಲಿಂದ ಅನ್ನುವುದಾದರೆ, ರೇಸಿನ ಬೆಟ್ಟಿಂಗ್ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಜಿಎಸ್‌ಟಿ ಇದೆ. ಅದರ ಅರ್ಧ ನಮ್ಮ ರಾಜ್ಯದ ಪಾಲು. ಅದರಲ್ಲಿ ಚಿಕ್ಕದೊಂದು ಭಾಗ ತೆಗೆದು ನಮ್ಮಂಥ ಜಿಲ್ಲೆಗಳ ಪಶುವೈದ್ಯರಿಗೆ ಕುದುರೆಯ ವಿಷಯದಲ್ಲಿ ತರಬೇತಿ ಕೊಡಿಸಿ. 1962 ನಂಬರಿಗೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ, ಅದು ದೊಡ್ಡ ಉಪಕಾರ. ಅದರಲ್ಲಿ ಒಂದು ಚಿಪ್ ರೀಡರ್ ಇಡಿ. ಲಾಳ ಕಟ್ಟುವವರನ್ನೂ ಮರೆಯಬೇಡಿ. ಗೊರಸು ಐದಾರು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಇಡೀ ಕಾಲಿನ ತೂಕ ತಪ್ಪುತ್ತದೆ. ಟಾಂಗಾ ಕಡಿಮೆಯಾದ ಹಾಗೆ ನಮ್ಮೂರಿನಲ್ಲಿ ಆ ಕೆಲಸ ಬಲ್ಲವರೂ ಕಡಿಮೆಯಾದರು. ಗೌರಿಗೆ ಈಗ ಕತ್ತರಿಸುವವರಿಗೂ ವಯಸ್ಸಾಗಿದೆ. ಅವರಿಂದ ಕಲಿಯಲು ಇಬ್ಬರು ಹುಡುಗರಿಗೆ ಸಂಬಳ ಕೊಟ್ಟರೆ ವಿದ್ಯೆ ಉಳಿಯುತ್ತದೆ.

ಓದುತ್ತಿರುವ ನನ್ನ ಜಿಲ್ಲೆಯವರಿಗೂ ಒಂದು ಮಾತು. ರೇಸ್ ಕುದುರೆ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ನನಗೆ ತಿಂಗಳಿಗೆ 12ರಿಂದ 15 ಸಾವಿರ ಖರ್ಚು ಬೀಳುತ್ತದೆ. ಕಾಲು ಕೆಟ್ಟ ತಿಂಗಳು ಅದಕ್ಕಿಂತ ಜಾಸ್ತಿ. ತರುವ ಮನಸ್ಸಿದ್ದರೆ ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ.

ನಾಯಿಗಳ ಡಾಕ್ಟರೊಬ್ಬರು ಚಿಪ್ ರೀಡರ್ ತಂದು ಗೌರಿಯ ಕುತ್ತಿಗೆಯ ಎಡಗಡೆ ಹಿಡಿದಾಗ ಬೀಪ್ ಅಂತು. 15 ಅಂಕಿ. ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ಆ ನಂಬರ್ ಹಿಡಿದು ಫೋನ್ ಮಾಡಿದ ಕಡೆಯೆಲ್ಲ ಇನ್ನೊಂದು ಫೋನ್ ನಂಬರ್ ಸಿಕ್ಕಿತು, ಉತ್ತರ ಸಿಗಲಿಲ್ಲ. ಈ ಪತ್ರದ ಪ್ರತಿಯ ಜೊತೆ ಆ ಅಂಕಿಗಳನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ದಯವಿಟ್ಟು ಹುಡುಕಿಸಿ.

ಇನ್ನೊಂದು ಮಾತು. ಇದು ನಿಮಗಲ್ಲ, ಬೆಂಗಳೂರಿನ ಯಾವುದೋ ಲಾಯದಲ್ಲಿ ಅವಳನ್ನು ನೋಡಿಕೊಂಡಿದ್ದ ಕುದುರೆಯಾಳಿಗೆ, ಅಂದರೆ ಸೈಸ್‌ಗೆ. ಅಣ್ಣಾ, ನೀವು ಯಾರೋ ಗೊತ್ತಿಲ್ಲ. ಎಡಗಿವಿಯ ಹಿಂದೆ ಕೆರೆದರೆ ಇವಳು ಗದ್ದವನ್ನು ಹೆಗಲ ಮೇಲೆ ಇಟ್ಟು ಕಣ್ಣು ಮುಚ್ಚುತ್ತಾಳೆ. ಅದು ನಾವು ಕಲಿಸಿದ್ದಲ್ಲ. ಬರುವಾಗಲೇ ಕಲಿತು ಬಂದಿದ್ದಳು. ನೀವು ಅವಳನ್ನು ಏನಂತ ಕರೆಯುತ್ತಿದ್ದಿರಿ? ತಿಳಿಸಿ. ಒಂದು ಸಲ ಆ ಹೆಸರಿನಿಂದ ಕರೆಯಬೇಕು ಅಂತ ಆಸೆ.

ಇಂತಿ,
ಗೌರಿಯ ಮನೆಯವಳು
ವಿಜಯಪುರ